ಬಿರುಕು ಬಿಟ್ಟ ನೆಲ, ಅವಸರದ ಅನಿಲ

ಮೇ ತಿಂಗಳ ಕೊನೆಗೆ ಕಂಪ್ಲಿಯಿಂದ ಕುರುಗೋಡಿನ ಕಡೆ ಹೋದರೆ ಎರೆಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿರುತ್ತವೆ. ಕೆಲವು ಬಿರುಕುಗಳಲ್ಲಿ ಮೊಣಕೈವರೆಗೆ ಕೈ ಇಳಿಸಬಹುದು. ಇಳಿಸುವ ಮೊದಲು ಚೇಳಿನ ನೆನಪಿರಲಿ. ಮೊದಲ ಮಳೆ ಬಿದ್ದಾಗ ಇಲ್ಲೊಂದು ತಮಾಷೆ ನಡೆಯುತ್ತದೆ. ಅರ್ಧ ಗಂಟೆ ಜೋರಾಗಿ ಹೊಡೆದರೂ ಹೊಲದಲ್ಲಿ ನೀರು ನಿಲ್ಲುವುದಿಲ್ಲ. ಬಿದ್ದದ್ದೆಲ್ಲ ಬಿರುಕಿನ ದಾರಿ ಹಿಡಿದು ಕೆಳಗಿಳಿದುಬಿಡುತ್ತದೆ. ಮಳೆ ನಿಂತ ಮೇಲೆ ಒಂದು ಹೆಂಟೆ ಎತ್ತಿ ಒಡೆದು ನೋಡಿ. ಹೊರಗೆ ಬೆರಳು ದಪ್ಪ ಒದ್ದೆ, ಒಳಗೆ ಬೇಸಿಗೆಯ ಒಣ ಮಣ್ಣು ಹಾಗೇ ಇರುತ್ತದೆ. ಆ ಹೆಂಟೆಯ ಒಡಲು ನೆನೆಯಬೇಕಾದರೆ ಜಿಟಿಜಿಟಿ ಮಳೆ ಹಿಡಿದು ಕೂರಬೇಕು.

ಬಿರುಕು ಬಿಟ್ಟ ಬಂಡೆಯಿಂದ ಎಣ್ಣೆ ತೆಗೆಯಲು ಹೊರಟ ತೈಲ ಎಂಜಿನಿಯರುಗಳ ಸಂಕಟವೆಲ್ಲ ಈ ಒಂದು ಹೆಂಟೆಯಲ್ಲಿದೆ. ಅವರಿಗೆ ಬೇಕಾದ ಎಣ್ಣೆ ಬಂಡೆಯ ಒಡಲಲ್ಲಿದೆ. ಅವರು ಮೇಲಿನಿಂದ ಒತ್ತಿ ಕಳಿಸುವ ನೀರೋ ಅನಿಲವೋ ಬಿರುಕಿನಲ್ಲೇ ಓಡಿಹೋಗುತ್ತದೆ. ಒಡಲಿಗೂ ಬಿರುಕಿಗೂ ಮಾತುಕತೆ ಏರ್ಪಡಿಸುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಒಳ್ಳೆಯ ಉತ್ತರಗಳಲ್ಲಿ ಒಂದು ಇಂಗಾಲದ ಡೈಆಕ್ಸೈಡ್. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಹಗಲೂ ರಾತ್ರಿ ಆಕಾಶಕ್ಕೆ ಏರುತ್ತಿರುವುದೂ ಇದೇ ಅನಿಲ.

ಮೊದಲು ಒಂದು ತಪ್ಪು ಚಿತ್ರವನ್ನು ಅಳಿಸಿಬಿಡೋಣ. ಭೂಮಿಯೊಳಗೆ ಎಣ್ಣೆಯ ಕೆರೆಗಳಿಲ್ಲ. ತೈಲನಿಕ್ಷೇಪ ಎಂದರೆ ಎಣ್ಣೆ ಕುಡಿದ ಕಲ್ಲು, ಅಷ್ಟೆ. ಮರಳುಗಲ್ಲಿನ ಕಣಗಳ ನಡುವೆ, ಸುಣ್ಣಕಲ್ಲಿನ ಸಣ್ಣ ತೂತುಗಳಲ್ಲಿ ಎಣ್ಣೆ ಸಿಕ್ಕಿಕೊಂಡಿರುತ್ತದೆ. ಒಳ್ಳೆಯ ಮರಳುಗಲ್ಲಿನಲ್ಲಿ ಈ ತೂತುಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಎಣ್ಣೆ ಹೇಗೋ ಬಾವಿಯವರೆಗೆ ತೆವಳುತ್ತದೆ. ಆದರೆ ಜಗತ್ತಿನ ಎಷ್ಟೋ ದೊಡ್ಡ ನಿಕ್ಷೇಪಗಳು, ಮುಖ್ಯವಾಗಿ ಇರಾನ್, ಇರಾಕ್, ಟರ್ಕಿ, ಮೆಕ್ಸಿಕೋ ದೇಶಗಳ ಸುಣ್ಣಕಲ್ಲಿನವು, ಬಿರುಕು ಬಿಟ್ಟ ಬಂಡೆಗಳು. ಅಲ್ಲಿ ಎಣ್ಣೆಯ ಉಗ್ರಾಣ ಒಂದು ಕಡೆ, ಅದು ಓಡಾಡುವ ಬೀದಿ ಇನ್ನೊಂದು ಕಡೆ. ಉಗ್ರಾಣವೆಂದರೆ ಬಂಡೆಯ ಒಡಲು. ಅದರೊಳಗೆ ಎಣ್ಣೆ ಇದೆ, ಆದರೆ ಬಾಗಿಲು ಬಹಳ ಕಿರಿದು. ಬೀದಿಯೆಂದರೆ ಬಿರುಕು. ಅಲ್ಲಿ ಓಟ ಸಲೀಸು, ಆದರೆ ಹಿಡಿಯುವ ಎಣ್ಣೆ ಅತ್ಯಲ್ಪ.

1963ರಲ್ಲಿ ವಾರೆನ್ ಮತ್ತು ರೂಟ್ ಎಂಬ ಇಬ್ಬರು ಎಂಜಿನಿಯರುಗಳು ಇದಕ್ಕೊಂದು ಸರಳ ಗಣಿತದ ಮಾದರಿ ಕೊಟ್ಟರು. ಸಕ್ಕರೆಯ ಚೌಕಗಳನ್ನು ಒಂದರ ಮೇಲೊಂದು, ಪಕ್ಕಪಕ್ಕ, ನಡುವೆ ಸಣ್ಣ ಸಂದು ಬಿಟ್ಟು ಜೋಡಿಸಿದಂತೆ ನಿಕ್ಷೇಪವನ್ನು ಕಲ್ಪಿಸಿಕೊಳ್ಳುವುದು. ಇಂದಿಗೂ ಆ ವಿದ್ಯೆಯವರು ಅದನ್ನು ಸಕ್ಕರೆ ಚೌಕದ ಮಾದರಿ ಎಂದೇ ಕರೆಯುತ್ತಾರೆ. ಆಲೆಮನೆ ಕಂಡ ನಮಗೆ ಅಚ್ಚುಬೆಲ್ಲದ ರಾಶಿ ಎಂದರೆ ಇನ್ನೂ ಹತ್ತಿರವಾದೀತು.

ಇಷ್ಟು ಓದಿದವರಿಗೆ ಒಂದು ಅನುಮಾನ ಬಂದಿರಬಹುದು. ಬಿರುಕು ಬಿಟ್ಟ ಬಂಡೆ ಎಂದರೆ ಹಂಪಿಗಿಂತ ಬೇರೆ ಬೇಕೆ? ಮಾತಂಗ ಬೆಟ್ಟ ಹತ್ತಿ ನಿಂತರೆ ಕಣ್ಣು ಹಾಯುವಷ್ಟೂ ಸೀಳಿದ ಗ್ರಾನೈಟ್. ಆ ಗುಂಡುಗಳು ಗುಂಡಾದದ್ದೇ ಬಿರುಕುಗಳಿಂದ. ಅಡ್ಡಕ್ಕೂ ಉದ್ದಕ್ಕೂ ಬಿಟ್ಟ ಸೀಳುಗಳಲ್ಲಿ ನೀರು ಇಳಿದು, ಮೂಲೆಗಳನ್ನು ಮೊದಲು ಕೊರೆದು, ಚೌಕ ಬಂಡೆಗಳನ್ನು ಕಾಲಕ್ರಮದಲ್ಲಿ ಉರುಟು ಮಾಡಿತು. ವಿಜಯನಗರದ ಕಲ್ಲುಕುಟಿಗರು ಸಾಲಾಗಿ ತೂತು ಕೊರೆದು, ಬೆಣೆ ಬಡಿದು, ತಮಗೆ ಬೇಕಾದ ಕಡೆ ಬೇಕಾದ ಬಿರುಕನ್ನೇ ಹುಟ್ಟಿಸಿಕೊಂಡರು. ಅರ್ಧ ಸೀಳಿ ಬಿಟ್ಟ ಬಂಡೆಗಳ ಮೇಲೆ ಆ ತೂತಿನ ಸಾಲು ಇವತ್ತಿಗೂ ಇದೆ. ಬಂಡೆಯನ್ನು ಒಡೆಯುವುದು ಬಲದಿಂದಲ್ಲ, ಬಿರುಕಿನ ದಿಕ್ಕು ತಿಳಿದು ಎನ್ನುವ ಪಾಠ ಅವರಿಗೆ ಗೊತ್ತಿತ್ತು.

ಈ ಗ್ರಾನೈಟ್‌ನಲ್ಲೂ ಉಗ್ರಾಣ ಮತ್ತು ಬೀದಿಯ ಲೆಕ್ಕವಿದೆ, ಆದರೆ ಉಗ್ರಾಣ ಬರಿದು. ಗ್ರಾನೈಟಿನ ಒಡಲಲ್ಲಿ ತೂತುಗಳು ಇಲ್ಲವೆನ್ನುವಷ್ಟು ಕಡಿಮೆ. ನೀರು ಇದ್ದರೆ ಬಿರುಕಿನಲ್ಲೇ. ಬೋರ್‌ವೆಲ್ ಕೊರೆಸಿದ ಯಾವ ರೈತನಿಗೂ ಇದನ್ನು ಹೇಳಿಕೊಡಬೇಕಿಲ್ಲ. ಗಾಡಿಯವನು ‘ಗ್ಯಾಪ್ ಸಿಕ್ತು’ ಎನ್ನುವವರೆಗೆ ಬರೀ ಧೂಳು. ಸಿಕ್ಕಿದ ಮೇಲೆ ಎರಡು ಇಂಚೋ ಮೂರು ಇಂಚೋ ನೀರು. ಇಪ್ಪತ್ತು ಅಡಿ ಆಚೆ ಕೊರೆದಿದ್ದರೆ ಅದೂ ಇಲ್ಲ. ಒಂದೇ ಬಿರುಕಿಗೆ ಎರಡು ಬೋರು ಬಿದ್ದರೆ ಅಕ್ಕಪಕ್ಕದ ಹೊಲದವರ ನಡುವೆ ಮಾತು ನಿಲ್ಲುವುದೂ ಉಂಟು.

ಗ್ರಾನೈಟಿನಲ್ಲಿ ಎಣ್ಣೆ ಸಿಗುವುದೇ ಇಲ್ಲವೆಂದು ತಿಳಿಯಬೇಡಿ. ವಿಯೆಟ್ನಾಮಿನ ದಕ್ಷಿಣ ಕರಾವಳಿಯಾಚೆ, ಸಮುದ್ರದ ತಳದಡಿ ಬಾಕ್ ಹೋ ಎಂಬ ನಿಕ್ಷೇಪವಿದೆ. 1988ರಲ್ಲಿ ಅಲ್ಲಿ ಬಿರುಕು ಬಿಟ್ಟ ಗ್ರಾನೈಟಿನೊಳಗಿನಿಂದಲೇ ಎಣ್ಣೆ ಹರಿಯಿತು. ಆ ದೇಶದ ತೈಲೋದ್ಯಮ ಬೆಳೆದದ್ದೇ ಅದರ ಮೇಲೆ. ವ್ಯತ್ಯಾಸ ಇಷ್ಟೆ. ಅಲ್ಲಿನ ಗ್ರಾನೈಟ್ ಗುಡ್ಡಗಳನ್ನು ಮುಚ್ಚಿ ಕೂತದ್ದು ಜೀವಿಗಳ ಅವಶೇಷ ತುಂಬಿದ ಕೆಸರು. ಆ ಕೆಸರು ಆಳದಲ್ಲಿ ಬೆಂದು ಎಣ್ಣೆಯಾಗಿ ಪಕ್ಕದ ಬಿರುಕುಗಳಿಗೆ ನುಗ್ಗಿತು. ಹಂಪಿಯ ಬಂಡೆಗಳು ಸೇರಿರುವ ಕ್ಲೋಸ್‌ಪೇಟೆ ಗ್ರಾನೈಟ್ ಗಟ್ಟಿಯಾಗಿ ಸುಮಾರು 250 ಕೋಟಿ ವರ್ಷಗಳಾದವು. (ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರದ ಹಳೆಯ ಹೆಸರು. ಅಲ್ಲಿಂದ ಇಲ್ಲಿಯವರೆಗೆ ಈ ಬಂಡೆಯ ಪಟ್ಟಿ ನೂರಾರು ಕಿಲೋಮೀಟರ್ ಹಬ್ಬಿದೆ.) ಅಂಥ ಕೆಸರು ಇದರ ಮೇಲೆ ಬಂದು ಕೂತಿಲ್ಲ. ನಮ್ಮಲ್ಲಿ ಬೀದಿಗಳಿವೆ, ಸರಕಿಲ್ಲ.

ಸರಕು ಇರುವ ಕಡೆಯ ಕಷ್ಟಕ್ಕೆ ಬರೋಣ. ಬಾವಿ ಕೊರೆದ ಹೊಸತರಲ್ಲಿ ಎಣ್ಣೆ ತನ್ನ ಒತ್ತಡಕ್ಕೇ ಮೇಲೆ ಬರುತ್ತದೆ. ಒತ್ತಡ ಕುಗ್ಗಿದ ಮೇಲೆ ಒಂದು ಬಾವಿಯಿಂದ ನೀರು ಒತ್ತಿ, ಇನ್ನೊಂದರಿಂದ ಎಣ್ಣೆ ಎತ್ತುವುದು ರೂಢಿ. ಹೀಗೆ ಮಾಡಿದ ಮೇಲೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಕಲ್ಲಿನಲ್ಲೇ ಉಳಿದಿರುತ್ತದೆ. ಬಿರುಕು ಬಿಟ್ಟ ಬಂಡೆಯಲ್ಲಿ ಇನ್ನೂ ಹೆಚ್ಚು ಉಳಿಯಬಹುದು. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಬದುವಿನೊಳಗೆ ಏಡಿ ಬಿಲ ತೋಡಿದರೆ ಏನಾಗುತ್ತದೋ ಅದೇ ಇಲ್ಲೂ. ಕಾಲುವೆಯಿಂದ ಎಷ್ಟು ನೀರು ಬಿಟ್ಟರೂ ಮಡಿ ತುಂಬುವುದಿಲ್ಲ. ನೀರು ಬಿಲ ಹಿಡಿದು ಕೆಳಗಿನ ಗದ್ದೆಗೆ ಹೋಗುತ್ತದೆ. ತೈಲಬಾವಿಯಲ್ಲಿ ಒತ್ತಿದ ನೀರು ಬಿರುಕು ಹಿಡಿದು ಪಕ್ಕದ ಬಾವಿಯಲ್ಲಿ ಏಳುತ್ತದೆ, ಎಣ್ಣೆಯ ಸುಳಿವಿಲ್ಲ.

ಆದರೂ ಎರೆಮಣ್ಣಿನ ಹೆಂಟೆಗೆ ಒಂದು ಗುಣವಿದೆ. ನೀರನ್ನು ನಿಧಾನವಾಗಿ ಹೀರುತ್ತದೆ. ಬಂಡೆಯ ಒಡಲೂ ನೀರನ್ನು ಒಲಿಸಿಕೊಳ್ಳುವಂಥದಾದರೆ, ಬಿರುಕಿನ ನೀರನ್ನು ಒಳಕ್ಕೆ ಹೀರಿ ಅಷ್ಟೇ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ಬತ್ತಿ ಎಣ್ಣೆ ಹೀರುವ ಬಲವೇ ಇದು, ಸರಕು ಮಾತ್ರ ಅದಲುಬದಲು. ದುರದೃಷ್ಟವೆಂದರೆ ಅನೇಕ ಸುಣ್ಣಕಲ್ಲುಗಳು ಲಕ್ಷಾಂತರ ವರ್ಷ ಎಣ್ಣೆಯಲ್ಲೇ ನೆಂದು ಅದಕ್ಕೇ ಒಲಿದುಬಿಟ್ಟಿರುತ್ತವೆ. ಎಣ್ಣೆ ಹಚ್ಚಿದ ದೋಸೆಕಲ್ಲಿನ ಮೇಲೆ ನೀರಿನ ಹನಿ ಅಂಟದೆ ಉರುಳುವಂತೆ, ಅಲ್ಲಿ ನೀರು ಒಳಗೆ ಕಾಲಿಡುವುದೇ ಇಲ್ಲ. ನೀರಿಗೆ ಬಾಗಿಲು ಮುಚ್ಚಿದ ಇಂಥ ಕಡೆಯೇ ಇಂಗಾಲದ ಡೈಆಕ್ಸೈಡ್ ಕೆಲಸಕ್ಕೆ ಬರುವುದು.

ಗೋಲಿ ಸೋಡಾ ಕುಡಿದವರಿಗೆಲ್ಲ ಈ ಅನಿಲ ಒತ್ತಡದಲ್ಲಿ ದ್ರವದೊಳಗೆ ಕರಗುತ್ತದೆ ಎಂಬುದು ಗೊತ್ತು. ನೀರಿಗಿಂತ ಎಣ್ಣೆಯಲ್ಲಿ ಅದು ಇನ್ನೂ ಚೆನ್ನಾಗಿ ಕರಗುತ್ತದೆ. ಇದರ ಇನ್ನೊಂದು ಸ್ವಭಾವ ಹೊಸಪೇಟೆಯ ಬೇಸಿಗೆಯಲ್ಲೇ ಪ್ರಕಟವಾಗುತ್ತದೆ. 31 ಡಿಗ್ರಿ ಸೆಲ್ಸಿಯಸ್ ದಾಟಿ, ವಾಯುಮಂಡಲದ ಒತ್ತಡದ 73 ಪಟ್ಟು ಮೀರಿದರೆ ಇದು ದ್ರವವೂ ಅಲ್ಲದ, ಅನಿಲವೂ ಅಲ್ಲದ ಸ್ಥಿತಿಗೆ ಹೋಗುತ್ತದೆ. ಸಾಂದ್ರತೆ ದ್ರವದ ಹತ್ತಿರ, ಹರಿದಾಟ ಅನಿಲದ ಹತ್ತಿರ. ಏಪ್ರಿಲ್ ಬಿಸಿಲಲ್ಲಿ 40 ಡಿಗ್ರಿ ಮುಟ್ಟಿದ ಕಾರ್ಖಾನೆಯ ಗೋಡೆಗೆ ತೂಗುಹಾಕಿದ ಇಂಗಾಲದ ಡೈಆಕ್ಸೈಡ್ ತುಂಬಿದ ಬೆಂಕಿ ಆರಿಸುವ ಸಿಲಿಂಡರಿನೊಳಗೆ ಇರುವುದು ಬಹುತೇಕ ಇದೇ ಸ್ಥಿತಿ. ನೆಲದಡಿ ಒಂದು ಕಿಲೋಮೀಟರಿಗಿಂತ ಆಳದಲ್ಲಂತೂ ಈ ಸ್ಥಿತಿ ಸಹಜ.

ಹೀಗೆ ಒತ್ತಿದ ಅನಿಲ ಎಣ್ಣೆಯೊಳಗೆ ಸೇರಿದಾಗ ಎಣ್ಣೆ ಉಬ್ಬುತ್ತದೆ. ಉಬ್ಬಿದ್ದಕ್ಕೆ ತೂತಿನೊಳಗೆ ಜಾಗ ಸಾಲದೆ ಹೊರಕ್ಕೆ ಜಿನುಗುತ್ತದೆ. ಜೊತೆಗೆ ಅದರ ಮಂದತನ ಇಳಿಯುತ್ತದೆ, ಪಾಕ ಹೋಗಿ ತಿಳಿಯಾದ ಹಾಗೆ. ಒತ್ತಡ ಒಂದು ಮಿತಿ ದಾಟಿದರೆ, ಎಣ್ಣೆ ತೀರಾ ಭಾರದ್ದಾಗಿರದಿದ್ದರೆ, ಎರಡೂ ಪೂರ್ತಿ ಬೆರೆತು ನಡುವಿನ ಗಡಿಯೇ ಅಳಿಸಿಹೋಗುತ್ತದೆ. ಗಡಿ ಇಲ್ಲವೆಂದರೆ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ಕಟ್ಟಿಹಾಕಿದ್ದ ಮೇಲ್ಮೈ ಸೆಳೆತವೂ ಇಲ್ಲ. 1972ರಲ್ಲಿ ಟೆಕ್ಸಾಸಿನ ಸ್ಯಾಕ್‌ರಾಕ್ ಎಂಬಲ್ಲಿ ದೊಡ್ಡ ಪ್ರಮಾಣದಲ್ಲಿ ಶುರುವಾದ ಈ ವಿಧಾನ ಇವತ್ತು ತೈಲೋದ್ಯಮದ ಮಾಮೂಲಿ ಹತ್ಯಾರ.

ಬಿರುಕಿನ ಬಂಡೆಯಲ್ಲಿ ಮಾತ್ರ ಕಥೆ ಇಷ್ಟು ನೇರವಲ್ಲ. ಈ ಅನಿಲ ನೀರಿಗಿಂತಲೂ ಚುರುಕು. ಬಿರುಕು ಕಂಡರೆ ನೀರಿಗಿಂತ ಮೊದಲೇ ಓಡಿ ಪಕ್ಕದ ಬಾವಿಯಲ್ಲಿ ಹಾಜರಾಗುತ್ತದೆ. ಹಾಗಾಗಿ ‘ಜೋರಾಗಿ ಒತ್ತಿದರೆ ಹೆಚ್ಚು ಎಣ್ಣೆ’ ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಜೋರಾಗಿ ಒತ್ತಿದಷ್ಟೂ ಬಿರುಕಿನ ಓಟ ಹೆಚ್ಚುತ್ತದೆ, ಒಡಲಿನ ಎಣ್ಣೆ ಅಲುಗುವುದಿಲ್ಲ.

ಕೆಲಸ ಆಗುವುದು ನಿಧಾನದಲ್ಲಿ, ಎರಡು ಬಗೆಯಲ್ಲಿ. ಒಂದು, ಬಿರುಕಿನಲ್ಲಿ ನಿಂತ ಅನಿಲ ಅಣು ಅಣುವಾಗಿ ಒಡಲೊಳಗೆ ಹರಡುವುದು. ಯಾರೂ ನೂಕಬೇಕಿಲ್ಲ. ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯ ವಾಸನೆ ಹಬ್ಬಿದಂತೆ ಅದು ತಾನೇ ಹಬ್ಬುತ್ತದೆ. ಆದರೆ ಈ ಹರಡುವಿಕೆಗೊಂದು ಕ್ರೂರ ಗಣಿತವಿದೆ. ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟು, ದೂರ ಹತ್ತರಷ್ಟಾದರೆ ಕಾಲ ನೂರರಷ್ಟು. ಬೆಲ್ಲದ ಪುಡಿ ನೀರಲ್ಲಿ ಚಿಟಿಕೆ ಹೊಡೆಯುವುದರಲ್ಲಿ ಕರಗುತ್ತದೆ, ಉಂಡೆ ಗಂಟೆಗಟ್ಟಲೆ ಕೂತಿರುತ್ತದೆ. ಆದ್ದರಿಂದ ಬಿರುಕುಗಳ ನಡುವಿನ ಬಂಡೆಯ ತುಂಡು ಎಷ್ಟು ಸಣ್ಣದಿದ್ದರೆ ಅಷ್ಟು ಒಳ್ಳೆಯದು. ಬಿರುಕು ಹೆಚ್ಚಿದ್ದಷ್ಟೂ ಓಡಿಹೋಗುವ ಅಪಾಯ, ಬಿರುಕು ಹೆಚ್ಚಿದ್ದಷ್ಟೂ ಒಡಲು ಬೇಗ ನೆನೆಯುವ ಲಾಭ. ಶತ್ರುವೂ ಬಿರುಕೇ, ಮಿತ್ರನೂ ಬಿರುಕೇ. ಈ ವಿಜ್ಞಾನದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು.

ಇನ್ನೊಂದು, ಭೂಮಿಯ ಎಳೆತ. ಮೇಲಿನಿಂದ ಬಿರುಕುಗಳಲ್ಲಿ ಅನಿಲ ತುಂಬಿಕೊಂಡರೆ, ಅದರ ನಡುವೆ ಸಿಕ್ಕ ಎಣ್ಣೆ ಕುಡಿದ ಬಂಡೆಯಿಂದ ಎಣ್ಣೆ ತನ್ನ ಭಾರಕ್ಕೆ ಕೆಳಗಿಳಿಯುತ್ತದೆ. ಹಿಂಡದೆ ತೂಗುಹಾಕಿದ ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕಿದ ಹಾಗೆ. ಪಂಚೆಯ ಕೆಳ ಅಂಚು ಕೊನೆಯವರೆಗೂ ಒದ್ದೆಯಾಗಿಯೇ ಇರುವುದನ್ನು ಗಮನಿಸಿದ್ದೀರಾ? ಬಂಡೆಯಲ್ಲೂ ಅಷ್ಟೆ, ಮೇಲ್ಮೈ ಸೆಳೆತದಿಂದಾಗಿ ತಳದ ಎಣ್ಣೆ ಬಿಟ್ಟುಕೊಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ಆ ಸೆಳೆತವನ್ನು ಕುಗ್ಗಿಸುವುದರಿಂದ ತಳದ ಒದ್ದೆಯೂ ಕಡಿಮೆಯಾಗುತ್ತದೆ.

ಟರ್ಕಿಯ ಆಗ್ನೇಯ ಭಾಗದ ಬಾತಿ ರಾಮನ್ ಈ ಪಾಠದ ಹಳೆಯ ಶಾಲೆ. 1961ರಲ್ಲಿ ಸಿಕ್ಕ ಈ ನಿಕ್ಷೇಪ ದೊಡ್ಡದು, ಆದರೆ ಬಿರುಕು ಬಿಟ್ಟ ಸುಣ್ಣಕಲ್ಲಿನೊಳಗಿನ ಎಣ್ಣೆ ಕಾಕಂಬಿಯಂತೆ ಮಂದ. ತನ್ನಷ್ಟಕ್ಕೆ ಹೊರಬಂದದ್ದು ನೂರಕ್ಕೆ ಎರಡು ಪಾಲೂ ಇಲ್ಲ. 1986ರಿಂದ ಸುಮಾರು 90 ಕಿಲೋಮೀಟರ್ ದೂರದ ದೋದಾನ್ ಎಂಬಲ್ಲಿನ ನೈಸರ್ಗಿಕ ಇಂಗಾಲದ ಡೈಆಕ್ಸೈಡನ್ನು ಕೊಳವೆಯಲ್ಲಿ ತಂದು ಒತ್ತತೊಡಗಿದರು. ಮೊದಲ ಯೋಜನೆ ಸೊಗಸಾಗಿತ್ತು. ಒಂದೇ ಬಾವಿಗೆ ಅನಿಲ ತುಂಬಿ, ಬಾಯಿ ಮುಚ್ಚಿ, ಕಾಳು ನೆನೆಹಾಕಿದಂತೆ ಬಿಟ್ಟು, ಆಮೇಲೆ ಅದೇ ಬಾವಿಯಿಂದ ಎಣ್ಣೆ ತೆಗೆಯುವುದು. ಆದರೆ ಅನಿಲ ಬಿರುಕು ಹಿಡಿದು ಅಕ್ಕಪಕ್ಕದ ಬಾವಿಗಳಿಗೆ ಹೋಯಿತು. ಆಗ ಅವರು ಕೆಲವು ಬಾವಿಗಳಿಗೆ ನಿರಂತರ ಒತ್ತಿ, ಉಳಿದವುಗಳಿಂದ ತೆಗೆಯುವ ಕ್ರಮಕ್ಕೆ ಹೊರಳಿದರು. ಭಾರದ ಎಣ್ಣೆಯಾದ್ದರಿಂದ ಪೂರ್ತಿ ಬೆರೆಯುವುದು ಅಲ್ಲಿ ಸಾಧ್ಯವಿಲ್ಲ. ಉಬ್ಬಿಸಿ ತೆಳುವಾಗಿಸುವುದಷ್ಟೇ. ಅಷ್ಟರಿಂದಲೇ ಉತ್ಪಾದನೆ ಹಲವು ಪಟ್ಟು ಏರಿತು. ಮುಂದೆ ದೊಡ್ಡ ಬಿರುಕುಗಳಿಗೆ ಪಾಲಿಮರ್ ಲೋಳೆ ತುಂಬಿ ಮುಚ್ಚುವ ಪ್ರಯೋಗವೂ ನಡೆಯಿತು, ಏಡಿಬಿಲಕ್ಕೆ ಕೆಸರು ಮೆತ್ತಿದಂತೆ. ಆದರೂ ಎಣ್ಣೆಯ ಬಹುಪಾಲು ಇವತ್ತಿಗೂ ಅಲ್ಲೇ ಕೆಳಗಿದೆ.

ಕೆನಡಾದ ವೇಬರ್ನ್ ಇದಕ್ಕಿಂತ ಅದೃಷ್ಟವಂತ. 1954ರಲ್ಲಿ ಸಿಕ್ಕ ಆ ನಿಕ್ಷೇಪದಲ್ಲಿ ಎರಡು ಪದರ. ಕೆಳಗಿನದು ಬಿರುಕು ತುಂಬಿದ ಸುಣ್ಣಕಲ್ಲು, ಮೇಲಿನದು ಬಿಗಿಯಾದ ಡಾಲೊಮೈಟ್. 1960ರ ದಶಕದಿಂದ ಒತ್ತಿದ ನೀರು ಕೆಳಪದರದ ಬಿರುಕುಗಳಲ್ಲೇ ಓಡಾಡಿ, ಮೇಲಿನ ಪದರದ ಎಣ್ಣೆಯನ್ನು ಮುಟ್ಟದೆ ಬಿಟ್ಟಿತ್ತು. ನೀರಿಗಿಂತ ಹಗುರವಾದ ಅನಿಲ ಮೇಲಕ್ಕೇರುತ್ತದೆ ಎಂಬ ಸರಳ ಸತ್ಯವನ್ನು ನೆಚ್ಚಿ 2000ದಲ್ಲಿ ಅಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಲು ಶುರು ಮಾಡಿದರು. ಬಿರುಕುಗಳ ದಿಕ್ಕು ಗಮನಿಸಿ ಅಡ್ಡ ಬಾವಿಗಳನ್ನು ಕೊರೆದರು. ನೀರು ಮತ್ತು ಅನಿಲವನ್ನು ಸರದಿಯಲ್ಲಿ ಬಿಟ್ಟು ಅನಿಲದ ಓಟಕ್ಕೆ ಕಡಿವಾಣ ಹಾಕಿದರು. ಅನಿಲ ಬಂದದ್ದು ಅಮೆರಿಕದ ಉತ್ತರ ಡಕೋಟಾದ, ಕಲ್ಲಿದ್ದಲಿನಿಂದ ಇಂಧನ ಅನಿಲ ಮಾಡುವ ಕಾರ್ಖಾನೆಯಿಂದ, ಸುಮಾರು 320 ಕಿಲೋಮೀಟರ್ ಕೊಳವೆಯಲ್ಲಿ, ಆರಂಭದಲ್ಲಿ ದಿನಕ್ಕೆ ಸುಮಾರು 5,000 ಟನ್. ಇಲ್ಲದಿದ್ದರೆ ಚಿಮಣಿಯಲ್ಲಿ ಹೋಗುತ್ತಿದ್ದ ಅನಿಲ ಅದು. ಒಂದು ದಶಕಕ್ಕೂ ಹೆಚ್ಚು ಕಾಲ ಅಂತರರಾಷ್ಟ್ರೀಯ ತಂಡವೊಂದು ಅದು ನೆಲದಡಿ ಎಲ್ಲಿ ಹೋಗುತ್ತಿದೆ ಎಂದು ಬೆನ್ನುಹತ್ತಿ ನೋಡಿತು.

ಇಲ್ಲಿ ಒಂದು ಲೆಕ್ಕ ಮುಚ್ಚಿಡುವುದು ಸರಿಯಲ್ಲ. ಒಂದು ಬ್ಯಾರೆಲ್ ಎಣ್ಣೆ ಉರಿಸಿದರೆ ಸುಮಾರು 0.43 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಬ್ಯಾರೆಲ್ ತೆಗೆಯಲು ನೆಲದಡಿ ಬಿಟ್ಟುಬಂದದ್ದು ಅದಕ್ಕಿಂತ ಕಡಿಮೆಯಾಗಿರಬಹುದು, ತೀರಾ ಧಾರಾಳವಾಗಿ ಒತ್ತಿದರೆ ಸಮವಾಗಬಹುದು, ಮೀರಲೂಬಹುದು. ಬಾತಿ ರಾಮನ್‌ನಲ್ಲಿ, ಟೆಕ್ಸಾಸಿನ ಎಷ್ಟೋ ಕಡೆ, ಭೂಮಿಯೊಳಗೆ ತಣ್ಣಗೆ ಕೂತಿದ್ದ ಅನಿಲವನ್ನೇ ಅಗೆದು ತಂದು ಎಣ್ಣೆಗಾಗಿ ಬಳಸಿದ್ದಾರೆ. ಅದನ್ನು ಹವಾಮಾನ ರಕ್ಷಣೆ ಎಂದು ಕರೆಯುವುದು ನನ್ನ ಮಟ್ಟಿಗೆ ಬರೀ ಜಾಹೀರಾತು. ಎಣ್ಣೆ ಹೇಗೂ ತೆಗೆಯುವುದೇ ಆದರೆ ಕಾರ್ಖಾನೆಯ ಹೊಗೆಯಿಂದ ಹಿಡಿದ ಅನಿಲ ಬಳಸುವುದು ವಾಸಿ ಎನ್ನಬಹುದು, ಅದರಾಚೆ ಹೊಗಳಿಕೆ ಬೇಡ.

ಹಾಗಾದರೆ ತೋರಣಗಲ್ಲು? ಜೆಎಸ್‌ಡಬ್ಲ್ಯು ವಿಜಯನಗರ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 1.2 ಕೋಟಿ ಟನ್ ಉಕ್ಕಿಗಿಂತ ಹೆಚ್ಚು. ಭಾರತದ ಉಕ್ಕು ಉದ್ಯಮದ ಸರಾಸರಿ, ಒಂದು ಟನ್ ಉಕ್ಕಿಗೆ ಸುಮಾರು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್. ಆ ಸರಾಸರಿಯನ್ನೇ ಹಿಡಿದು 1.2 ಕೋಟಿ ಟನ್ನಿಗೆ ಗುಣಿಸಿದರೆ ವರ್ಷಕ್ಕೆ 3 ಕೋಟಿ ಟನ್. ವೇಬರ್ನ್ ಆರಂಭದಲ್ಲಿ ನುಂಗುತ್ತಿದ್ದದ್ದು ವರ್ಷಕ್ಕೆ ಸುಮಾರು 18 ಲಕ್ಷ ಟನ್. ಅಂದರೆ ಒಂದು ತೋರಣಗಲ್ಲಿಗೆ ಸುಮಾರು ಹದಿನೇಳು ವೇಬರ್ನ್ ಬೇಕು. ಪಕ್ಕದ ಕುಡಿತಿನಿಯ 1,700 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವನ್ನು ಇದರಲ್ಲಿ ಸೇರಿಸಿಲ್ಲ. ಹೊಗೆಯಿಂದ ಹಿಡಿಯುವ ದೃಷ್ಟಿಯಿಂದ ಉಕ್ಕಿನ ಊದುಕುಲುಮೆಯ ಅನಿಲ ವಿದ್ಯುತ್ ಸ್ಥಾವರದ ಹೊಗೆಗಿಂತ ಅನುಕೂಲ, ಅದರಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ಹೆಚ್ಚು.

ತೊಂದರೆ ಎಂದರೆ ಹತ್ತಿರದಲ್ಲಿ ಎಣ್ಣೆ ಇಲ್ಲದಿರುವುದು. ಕೃಷ್ಣಾ ಗೋದಾವರಿ ಮುಖಜಭೂಮಿಯ ತೈಲಬಾವಿಗಳು ಹಕ್ಕಿ ಹಾರುವ ದಾರಿಯಲ್ಲೇ 500 ಕಿಲೋಮೀಟರಿಗಿಂತ ದೂರ. ನಮ್ಮ ದೇಶದಲ್ಲಿ ಈ ವಿಧಾನದ ಮಾತು ಗಂಭೀರವಾಗಿ ಎದ್ದಿರುವುದು ಗುಜರಾತಿನಲ್ಲಿ. ಕೊಯಲಿ ರಿಫೈನರಿಯ ಅನಿಲವನ್ನು ಗಾಂಧಾರ್ ನಿಕ್ಷೇಪಕ್ಕೆ ಒಯ್ಯುವ ಬಗ್ಗೆ ಒಎನ್‌ಜಿಸಿ ಮತ್ತು ಇಂಡಿಯನ್ ಆಯಿಲ್ 2019ರಲ್ಲಿ ಒಪ್ಪಂದಕ್ಕೆ ಬಂದವು. ಆದರೆ ಗಾಂಧಾರಿನದು ಮರಳುಗಲ್ಲು, ನಮ್ಮ ಕಥೆಯ ಬಿರುಕಿನ ಬಂಡೆಯಲ್ಲ.

ಕರ್ನಾಟಕದ ಬಂಡೆಯೊಳಗೆ ಕಚ್ಚಾತೈಲ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಮಂಗಳೂರಿನ ಬಳಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಗುಹೆಗಳನ್ನು ಕೊರೆದು ದೇಶದ ತುರ್ತು ಸಂಗ್ರಹ ಇಟ್ಟಿದ್ದಾರೆ. ಅಲ್ಲಿ ಬಿರುಕಿನ ಪಾತ್ರ ಉಲ್ಟಾ. ಗುಹೆಯ ಸುತ್ತಲಿನ ಬಿರುಕುಗಳಲ್ಲಿ ಸದಾ ನೀರು ತುಂಬಿರುವಂತೆ ನೋಡಿಕೊಳ್ಳುತ್ತಾರೆ. ನೀರಿನ ಒತ್ತಡ ಒಳಮುಖವಾಗಿರುವುದರಿಂದ ಎಣ್ಣೆ ಬಿರುಕಿಗೆ ಇಳಿಯುವಂತಿಲ್ಲ. ಎಣ್ಣೆ ಹೊರಡಿಸಲು ಒಂದು ಕಡೆ ಹೆಣಗಾಡುವ ಅದೇ ಭೌತಶಾಸ್ತ್ರ ಇನ್ನೊಂದು ಕಡೆ ಅದನ್ನು ಒಳಗೇ ಕೂರಿಸುತ್ತದೆ.

ಎಣ್ಣೆಯ ಗೊಡವೆ ಬಿಟ್ಟು ಅನಿಲವನ್ನು ಬರೀ ಹೂತಿಡುವುದಾದರೆ, ತೋರಣಗಲ್ಲಿನ ಅನಿಲಕ್ಕೆ ಒದಗಬಹುದಾದ ಹತ್ತಿರದ ಬಿರುಕು ಉತ್ತರದ ಕಪ್ಪು ಬಸಾಲ್ಟಿನದು. ವಿಜಯಪುರದ ಸುತ್ತ ಹಬ್ಬಿರುವ ದಖನ್ ಲಾವಾ ಪದರಗಳಂಥದೇ ಬಂಡೆಯಲ್ಲಿ ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ತಂಡ 2012ರಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿಸಿದ ನೀರನ್ನು ಇಳಿಸಿತು. ಎರಡು ವರ್ಷದೊಳಗೆ ಆ ಅನಿಲದ ನೂರಕ್ಕೆ 95 ಪಾಲು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಕಲ್ಲಾಗಿಬಿಟ್ಟಿತ್ತು. ಆದರೆ ಒಂದು ಟನ್ ಅನಿಲಕ್ಕೆ ಅವರು 20 ಟನ್ನಿಗಿಂತ ಹೆಚ್ಚು ನೀರು ಬಳಸುತ್ತಾರೆ. ವಿಜಯಪುರದಲ್ಲಿ ಆ ನೀರು ಕೇಳುವ ಧೈರ್ಯ ಯಾರಿಗಿದೆ? ಐಸ್‌ಲ್ಯಾಂಡಿನವರು ಸಮುದ್ರದ ನೀರನ್ನು ಪರೀಕ್ಷಿಸಿ ನೋಡುತ್ತಿದ್ದಾರೆ. ನಮ್ಮ ಬಸಾಲ್ಟಿಗೆ ಸಮುದ್ರ ಹತ್ತಿರವಿರುವುದು ಕೊಂಕಣದಲ್ಲಿ, ಇಲ್ಲಿ ಅಲ್ಲ. ದೂರದ ಮಾತಿಗಷ್ಟೇ ಬಂದರೆ, ತೋರಣಗಲ್ಲಿನಿಂದ ವಿಜಯಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 200 ಕಿಲೋಮೀಟರ್. ವೇಬರ್ನಿಗೆ ಅನಿಲ ತಂದ ಕೊಳವೆ ಅದಕ್ಕಿಂತ ಉದ್ದ.